ಬಸುರಿಯಿದ್ದ ಮನೆಯಲ್ಲಿ ಒಲೆ ಕಿತ್ತದ್ದು

ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತು ಬೆಳಗ್ಗೆ, ಹಾಲು ಕರೆಯುವ ಹೊತ್ತಿಗೆ. ತಾಯಿ ಸೌಖ್ಯ, ಮಗು ಸೌಖ್ಯ. ತಲೆ ತುಂಬ ಕೂದಲು, ಎರಡು ಕೈಯೂ ಬಿಗಿ ಮುಷ್ಟಿ, ಮೂಗು ಮಾತ್ರ ಅಜ್ಜನದು, ಪಾಪ. ಅಳು ಶುರು ಮಾಡಿದಳು ನೋಡಿ, ಗದ್ದೆಯಾಚೆಯ ಮನೆಯವರು ಅಂಗಳಕ್ಕೆ ಬಂದು "ಎಂತ ಮಗು?" ಎಂದು ಕೂಗಿ ಕೇಳಿದರು. ನಾನು ಅಳುವ ಮಗುವಿನ ಎದೆಗೆ ಕಿವಿ ಇಟ್ಟೆ. ಗೊರಗೊರ ಇಲ್ಲ. ನಂಬಿಕೆಯಾಗದೆ ಇನ್ನೊಂದು ಸಲ ಇಟ್ಟೆ. "ಆ ಮಗೂನ ತಾಯಿ ಕೈಗೆ ಕೊಡ್ತೀರೋ, ಇಲ್ಲ ನೀವೇ ಹಾಲು ಕುಡಿಸ್ತೀರೋ?" ಎಂದು ನರ್ಸಮ್ಮ ಬೈದ ಮೇಲೆ ಕೊಟ್ಟೆ.

ನಾನು ಓದಿದ್ದು ಎರಡನೇ ಇಯತ್ತೆ. ಆದರೂ ಇವತ್ತೇ ಬರೆಯಬೇಕು. ಈ ಮಗು ಬರುವ ಮೊದಲು ನಮ್ಮ ಅಡುಗೆಮನೆಯಲ್ಲಿ ನಡೆದದ್ದನ್ನು ಈಗ ಬರೆಯದಿದ್ದರೆ, ಈ ಸಂತೋಷದಲ್ಲಿ ಅದೆಲ್ಲ ಸುಲಭವಾಗಿತ್ತು ಎಂದು ನಾಳೆ ನನಗೇ ಅನ್ನಿಸಿಬಿಡುತ್ತದೆ. ಸುಲಭವಿರಲಿಲ್ಲ.

ನನ್ನ ಕೆಲಸ ಮಣ್ಣಿನ ಒಲೆ ಹಾಕುವುದು. ನಮ್ಮ ಊರು ಕವಲೇದುರ್ಗದ ಬುಡದಲ್ಲಿದೆ. ಕರೆದರೆ ರಿಪ್ಪನ್‌ಪೇಟೆಗೂ ಹೋಗುತ್ತೇನೆ, ಬಸ್ಸು ಹತ್ತಿ ಸಾಗರಕ್ಕೂ ಹೋಗುತ್ತೇನೆ. ಅಣೆಕಟ್ಟೆಯ ನೀರಿನಲ್ಲಿ ಊರು ಮುಳುಗಿದವರು ಆ ಕಡೆಯೆಲ್ಲ ಹೊಸ ಮನೆ ಕಟ್ಟಿಕೊಂಡರು. ಮನೆ ಎಂದ ಮೇಲೆ ಒಲೆ ಬೇಕಲ್ಲ, ನನಗೆ ಕೈತುಂಬ ಕೆಲಸ. ಬ್ಲಾಕ್ ಆಫೀಸಿನ ಗ್ರಾಮಸೇವಕಿ ಹೊಗೆ ಕೊಳವೆಯಿರುವ ಒಲೆಯ ಚಿತ್ರ ತೋರಿಸಿ ಅಳತೆ ಹೇಳಿಕೊಟ್ಟಿದ್ದಳು. ಸಾಗರದ ಪೇಟೆಮನೆಯೊಂದರಲ್ಲಿ ಮೊದಲ ಸಲ ನಿಂತು ಅಡುಗೆ ಮಾಡುವ ಕಟ್ಟೆ ಹಾಕಿದೆ. ಆ ಮನೆಯ ಅಮ್ಮ ಸೊಂಟಕ್ಕೆ ಕೈಕೊಟ್ಟು ನೋಡಿ, "ಎಂತ ಮಾರಾಯ್ತಿ, ನಿಂತ್ಕಂಡು ಅಡಿಗೆ ಮಾಡಿ ರೂಢಿ ಇಲ್ಲೆ. ಕಾಲು ನೋವು ಬತ್ತು" ಎಂದಿದ್ದರು. ತಿಂಗಳು ಬಿಟ್ಟು ಹೋದಾಗ, "ಇನ್ನು ಕೂತ್ಕಂಡು ಮಾಡು ಅಂದ್ರೆ ನಾ ಮಾಡದಿಲ್ಲೆ" ಎಂದು ನಕ್ಕು ಕಾಫಿ ಕೊಟ್ಟರು.

ಊರವರ ಅಡುಗೆಮನೆಗೆ ಕಿಟಕಿ ಇಡಿಸಿ, ಮಾಡಿಗೆ ಗಾಜಿನ ಹೆಂಚು ಹಾಕಿಸಿ ಬಂದವಳು ನನ್ನ ಅಡುಗೆಮನೆಯನ್ನು ಮಾತ್ರ ಹಾಗೇ ಬಿಟ್ಟಿದ್ದೆ. ಹೊರಕ್ಕೆ ಒಂದೇ ಬಾಗಿಲು. ಕಿಟಕಿ ಇಲ್ಲ. ನಟ್ಟನಡುವೆ ನೆಲದ ಮೇಲೆ ಎರಡು ಬಾಯಿಯ ಒಲೆ. ಅದು ನನ್ನ ಅತ್ತೆ ಮದುವೆಯಾಗಿ ಬಂದ ವರ್ಷ ತಾವೇ ಹಾಕಿದ್ದು. ಮೇಲೆ ಬಿದಿರು ಸಿಗಿದು ಹಾಸಿದ ಅಟ್ಟ. ಅಟ್ಟದಲ್ಲಿ ಮುಂದಿನ ವರ್ಷದ ಬೀಜದ ಭತ್ತ, ಹುಲ್ಲಿನ ಮುಡಿ ಕಟ್ಟಿ ಇಟ್ಟದ್ದು. ಒಲೆಯ ಹೊಗೆ ಬಿದಿರಿನ ಸಂದಿಯಲ್ಲಿ ಏರಿ ಬೀಜಕ್ಕೆ ತಾಗಬೇಕು. ಹೊಗೆ ತಾಗಿದ ಬೀಜಕ್ಕೆ ಹುಳ ಬೀಳುವುದಿಲ್ಲ, ಬೂಸಲು ಹಿಡಿಯುವುದಿಲ್ಲ. ಹೆಂಚಿನ ಸಂದಿಯಲ್ಲಿ ಹೋದಷ್ಟು ಹೊಗೆ ಹೋಯಿತು, ಉಳಿದದ್ದು ನಮ್ಮ ಕಣ್ಣಿಗೆ, ಎದೆಗೆ. ಅದು ಹಾಗೇ ಎಂದುಕೊಂಡಿದ್ದೆವು.

ಎರಡು ಮಳೆಗಾಲದ ಹಿಂದೆ ಮೊಮ್ಮಗ ಹುಟ್ಟಿದ. ಆಷಾಢದ ಥಂಡಿ. ಬಾಣಂತಿ ಕೋಣೆಯ ಗೋಡೆ ಬೆವರುತ್ತಿತ್ತು. ಮಗು ಬೆಚ್ಚಗಿರಲಿ ಎಂದು ನಾನೇ ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಒಲೆಯ ಬದಿಗೆ ಮಲಗಿಸುತ್ತಿದ್ದೆ. ಹಸಿ ಸೌದೆ. ಹೊಗೆ ಆಳುದ್ದ. ಹತ್ತನೇ ದಿನಕ್ಕೆ ಎದೆ ಗೊರಗೊರ ಎನ್ನತೊಡಗಿತು. ಹದಿನೆಂಟನೇ ದಿನ ಹೋಯಿತು. ಆಸ್ಪತ್ರೆಯ ನರ್ಸಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದ್ರಿಂದ್ಲೇ ಆಯ್ತು ಅಂತ ನಾನು ಹೇಳಕ್ಕಾಗಲ್ಲ. ಆದ್ರೆ ಇಲ್ಲಿ ನನಗೇ ಉಸ್ರಾಡಕ್ಕೆ ಆಗ್ತಾ ಇಲ್ಲ" ಎಂದರು. ಅಷ್ಟೇ ಹೇಳಿದ್ದು. ಒಲೆ ಹಾಕುವುದರಲ್ಲಿ ಹೆಸರು ಪಡೆದವಳಿಗೆ ಅಷ್ಟು ಸಾಕಾಯಿತು. ಸೊಸೆ ನನಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಹಗುರಾಗುತ್ತಿತ್ತೇನೋ.

ಕಳೆದ ದೀಪಾವಳಿ ಕಳೆದ ಮೇಲೆ ಸೊಸೆ ಮತ್ತೆ ಬಸುರಿ ಎಂದು ತಿಳಿಯಿತು. ತಾಯಿಯಿಲ್ಲದ ಹುಡುಗಿ, ಹೆರಿಗೆ ಇಲ್ಲೇ ಆಗಬೇಕು. ಆಗಲೇ ಅವಳಿಗೆ ಕೆಮ್ಮು. ಈ ಮಗು ಆ ಹೊಗೆಗೆ ಬರಬಾರದು ಎಂದು ನಿಶ್ಚಯ ಮಾಡಿಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಊಟದ ಹೊತ್ತಿಗೆ ಬಾಯಿ ಬಿಟ್ಟೆ. ನಮ್ಮ ಮನೆಯವರ ಅಕ್ಕ ನಮ್ಮಲ್ಲೇ ಇರುವುದು, ಗಂಡ ಹೋದ ಮೇಲೆ ತವರಿಗೆ ಬಂದವರು. ಅವರು ಕೈಯ ತುತ್ತನ್ನು ತಟ್ಟೆಗೆ ಹಾಕಿದರು.

"ಬಸುರಿ ಇರೋ ಮನೇಲಿ ಒಲೆ ಕೀಳೋರುಂಟೇನೆ? ನಾಲ್ಕೂರಿಗೆ ಒಲೆ ಹಾಕಿದ್ದೀಯ, ನಿಂಗೆ ನಾನು ಹೇಳ್ಕೊಡ್ಬೇಕಾ?"

ಹೇಳಿಕೊಡಬೇಕಾಗಿರಲಿಲ್ಲ. ಒಲೆ ಕಿತ್ತರೆ ಬಸುರು ನಿಲ್ಲುವುದಿಲ್ಲ ಎನ್ನುತ್ತಾರೆ ನಮ್ಮ ಕಡೆ. ಬಸುರಿಯಿದ್ದ ಮನೆಯಲ್ಲಿ ನಾನೂ ಒಲೆ ಕೀಳುತ್ತಿರಲಿಲ್ಲ, "ಹೆರಿಗೆ ಆಗ್ಲಿ, ಬರ್ತೀನಿ" ಎಂದು ಮಣ್ಣಿನ ಬುಟ್ಟಿ ಎತ್ತಿಕೊಂಡು ವಾಪಸು ಬಂದದ್ದುಂಟು.

ನಮ್ಮ ಮನೆಯವರು ತಲೆ ಎತ್ತದೆ, "ಒಲೆ ಕಿತ್ರೆ ಬೀಜಕ್ಕೆ ಹೊಗೆ ಯಾರು ಹಾಕ್ತಾರೆ? ನಿಮ್ಮ ಗ್ರಾಮಸೇವಕಿ ಬಂದು ಬೀಡಿ ಸೇದ್ತಾಳಾ?" ಎಂದರು.

ಮಗ ನಕ್ಕ. ನನಗೆ ನಗು ಬರಲಿಲ್ಲ. "ಕೀಳಲ್ಲ ಅಕ್ಕ. ಅವ್ವ ಹಾಕಿದ ಒಲೆ ಇದ್ದಲ್ಲೇ ಇರ್ಲಿ. ಗೋಡೆ ಬದಿಗೆ ಬೇರೆದೊಂದು ಹಾಕ್ತೀನಿ" ಎಂದೆ. ಯಾರೂ ಬೇಡ ಎನ್ನಲಿಲ್ಲ. ನಾನು ಜಾಣತನ ಮಾಡಿದೆ ಎಂದುಕೊಂಡೆ. ಮಾಡಿದ ತಪ್ಪು ಅದೇ.

ಕೆಲಸ ಶುರು ಮಾಡಿದೆ. ಹುತ್ತದ ಮಣ್ಣು ತಂದು ಜರಡಿ ಹಿಡಿದು, ಸಗಣಿ, ಉಮಿ, ಬೆರಳುದ್ದ ಕತ್ತರಿಸಿದ ಹುಲ್ಲು ಸೇರಿಸಿ ತುಳಿದು ಮೂರು ದಿನ ಕೊಳೆಯಲು ಬಿಟ್ಟೆ. ಸೊಸೆಯನ್ನು ಗೋಡೆಗೆ ನಿಲ್ಲಿಸಿ ಅವಳ ಮೊಣಕೈ ಮಟ್ಟಕ್ಕೆ ಗೋಡೆಯ ಮೇಲೆ ಇದ್ದಿಲಿನ ಗೀಟು ಎಳೆದೆ. ಒಲೆಯ ಮೇಲಿಟ್ಟ ಪಾತ್ರೆಯ ಬಾಯಿ ಆ ಗೀಟಿಗಿಂತ ಕೆಳಗಿರಬೇಕು, ಇಲ್ಲದಿದ್ದರೆ ಹೆಗಲು ಹಿಡಿಯುತ್ತದೆ. ಕಟ್ಟೆಯ ಬುಡವನ್ನು ಒಂದು ಪಾದದಷ್ಟು ಒಳಗೆ ಸರಿಸಿದೆ. ನಿಂತವಳ ಕಾಲ್ಬೆರಳಿಗೆ ಜಾಗ ಇದ್ದರೆ ಹೊಟ್ಟೆ ಕಟ್ಟೆಗೆ ಒತ್ತುವುದಿಲ್ಲ. ಇದು ಗ್ರಾಮಸೇವಕಿಯ ಚಿತ್ರದಲ್ಲಿ ಇರಲಿಲ್ಲ. ಬಸುರಿ ಸೊಸೆಯನ್ನು ನೋಡಿ ಹೊಳೆದದ್ದು. ಪೂರ್ವದ ಗೋಡೆಗೆ ಮಗ ಕಿಟಕಿ ಕೊರೆದ. ಮೊದಲ ಬಿಸಿಲು ಒಳಗೆ ಬಿದ್ದಾಗ ಗೋಡೆಯ ಮಸಿ ನೋಡಿ ನನಗೇ ಹೇಸಿಗೆಯಾಯಿತು.

ಹೊಗೆ ಕೊಳವೆಗೆ ರಿಪ್ಪನ್‌ಪೇಟೆಯ ಕುಂಬಾರನಿಂದ ತಳವಿಲ್ಲದ ಮಡಕೆ ಮಾಡಿಸಿದೆ. "ತಳ ಇಲ್ದಿದ್ ಮಡಕೆ ಯಾರು ತಗೊಳ್ತಾರೆ ಅಂತ ನನ್ನ ಹೆಂಡ್ತಿ ನಗಾಡ್ತಾಳಮ್ಮ" ಎಂದು ಗೊಣಗಿಕೊಂಡೇ ಮಾಡಿಕೊಟ್ಟ. ಒಂದರ ಕುತ್ತಿಗೆ ಇನ್ನೊಂದರ ಹೊಟ್ಟೆಗೆ ಕೂರುವ ಹಾಗೆ ಜೋಡಿಸಿ, ಅಟ್ಟ ದಾಟಿಸಿ, ಮಾಡಿನಿಂದ ಆಚೆಗೆ ತಂದೆ.

ಮೊದಲ ದಿನ ಬೆಂಕಿ ಹಾಕಿದರೆ ಹೊಗೆಯೆಲ್ಲ ಒಲೆಯ ಬಾಯಿಂದ ವಾಪಸು ನನ್ನ ಮುಖಕ್ಕೇ ಬಂತು. ಕೊಳವೆಯ ತುದಿ ಮಾಡಿನ ನೆತ್ತಿಗಿಂತ ತಗ್ಗಿತ್ತು, ಗುಡ್ಡದ ಗಾಳಿ ಒಳಗೆ ನುಗ್ಗುತ್ತಿತ್ತು. ಇನ್ನೆರಡು ಮಡಕೆ ಏರಿಸಿದೆ. ಹೊಗೆ ಎಳೆಯಿತು. ಆದರೆ ಅವಸರದಲ್ಲಿ ಹಸಿ ಕಟ್ಟೆಗೇ ಬೆಂಕಿ ಹಾಕಿದ್ದೆ. ಶಿವರಾತ್ರಿ ಹೊತ್ತಿಗೆ ಒಲೆಯ ಎರಡು ಬಾಯಿಯ ನಡುವೆ ಬೆರಳು ತೂರುವಷ್ಟು ಬಿರುಕು. ಅಷ್ಟನ್ನೂ ಕೆರೆದು ಮತ್ತೆ ಮೆತ್ತಿದೆ. ಬೇರೆಯವರ ಮನೆಯಲ್ಲಾದರೆ ಹದಿನೈದು ದಿನ ನೆರಳಲ್ಲಿ ಒಣಗಲಿ ಎಂದು ಹೇಳಿ ಬರುವವಳು ನಾನು.

ಅಂತೂ ಹೊಸ ಒಲೆಯಲ್ಲಿ ಅಡುಗೆ ಶುರುವಾಯಿತು. ಹೊಗೆ ನೆಟ್ಟಗೆ ಕೊಳವೆಯಲ್ಲಿ ಹೋಗುತ್ತಿತ್ತು. ಆದರೆ ಮನೆಯ ಹೊಗೆ ಕಡಿಮೆಯಾಗಲಿಲ್ಲ. ಯಾಕೆಂದರೆ ಕೀಳದೆ ಉಳಿಸಿದ ಒಲೆ ತಣ್ಣಗಿರಬಾರದು. ಅದೂ ನಮ್ಮ ಕಡೆಯ ಪದ್ಧತಿಯೇ. ಅಕ್ಕ ಬೆಳಗ್ಗೆ ಎದ್ದು ಅತ್ತೆಯ ಒಲೆಗೆ ಬೆಂಕಿ ಹಾಕುವರು. ಸಂಜೆ ನಮ್ಮ ಮನೆಯವರು ಬೀಜಕ್ಕೆ ತಾಗಲಿ ಎಂದು ಅದೇ ಒಲೆಗೆ ಹಸಿ ಸೊಪ್ಪು ಒಟ್ಟುವರು. ಮೊದಲು ಒಂದು ಒಲೆಯ ಹೊಗೆ ಅಡುಗೆಯ ಹೊತ್ತಿಗೆ ಮಾತ್ರ ಇತ್ತು. ಈಗ ಹೊಗೆಗೆಂದೇ ಒಂದು ಒಲೆ. ಸೊಸೆ ಹೊಸ ಕಟ್ಟೆಯ ಮುಂದೆ ನಿಂತು, ಬೆನ್ನ ಹಿಂದಿನ ಹಳೇ ಒಲೆಯ ಹೊಗೆ ಕುಡಿಯುತ್ತಿದ್ದಳು.

"ಅತ್ತೆ, ಕಟ್ಟೆ ಚೆನ್ನಾಗಿದೆ. ಸೊಂಟ ನೋವು ಬರಲ್ಲ" ಎನ್ನುವಳು. ಅದು ನನ್ನ ಸಮಾಧಾನಕ್ಕೆ. ಹೇಳಿ ಮುಗಿಸುವ ಮೊದಲೇ ಕೆಮ್ಮು.

ಯುಗಾದಿಗೆ ನಾಲ್ಕು ದಿನ ಇರುವಾಗ ಅನ್ನ ಬಸಿಯುತ್ತಿದ್ದವಳು ಕೆಮ್ಮಿ ಕೆಮ್ಮಿ ಅಲ್ಲೇ ಕುಸಿದಳು. ಗಂಜಿ ಕಾಲಿನ ಮೇಲೆ ಚೆಲ್ಲಿತು. ಹೊರಗೆ ಎಳೆದುಕೊಂಡು ಹೋಗಿ ಜಗುಲಿಯಲ್ಲಿ ಮಲಗಿಸಿದೆ. ತುಟಿ ನೀಲಿಯಾಗಿತ್ತು. ಉಸಿರು ತಹಬಂದಿಗೆ ಬಂದ ಮೇಲೆ ಅವಳು ನನ್ನ ಕೈ ಹಿಡಿದು, "ಅತ್ತೆ, ಇದನ್ನೂ ಅಲ್ಲೇ ಮಲಗಿಸ್ಬೇಕಾ?" ಎಂದಳು. ಎರಡು ವರ್ಷದಲ್ಲಿ ಆ ವಿಷಯಕ್ಕೆ ಅವಳು ಆಡಿದ ಮೊದಲ ಮಾತು.

ಆ ದಿನ ಮಧ್ಯಾಹ್ನ ನಾನು ಉಣ್ಣಲಿಲ್ಲ. ರಿಪ್ಪನ್‌ಪೇಟೆಯ ಹತ್ತಿರ, ಮುಳುಗಡೆಯಿಂದ ಬಂದ ಒಂದು ಮನೆಗೆ ಒಲೆ ಹಾಕಿದ್ದು ನೆನಪಾಯಿತು. ಆ ಮನೆಯ ಮುದುಕಿಯನ್ನು, "ಹಳೇ ಒಲೆಯಿಂದ ಒಂದು ಕಲ್ಲಾದ್ರೂ ತಂದಿದ್ದೀರಾ?" ಎಂದು ಕೇಳಿದ್ದೆ. ಹಾಗೆ ತಂದು ಹೊಸ ಒಲೆಯಲ್ಲಿ ಸೇರಿಸುವುದುಂಟು. ಅವಳು, "ಕಲ್ಲು ತರೋದೆಲ್ಲಿ ಮಾರಾಯ್ತಿ! ನೀರು ಅಂಗಳಕ್ಕೆ ಬಂದಾಗ ನಮ್ಮ ಸೊಸೆಗೆ ಆರು ತಿಂಗ್ಳು. ಬಸುರಿ ಇದ್ದಾಳೆ, ಒಲೆ ಅಲ್ಲಾಡಿಸ್ಬೇಡ ಅಂದ್ರೆ ನೀರು ಕೇಳ್ತದಾ? ಒಲೆ ಅದ್ರ ಪಾಡಿಗೆ ಕರಗಿ ಹೋಯ್ತು. ಮಗು ಅದ್ರ ಪಾಡಿಗೆ ಹುಟ್ತು. ಅಗೋ, ನಿನ್ನ ಮಣ್ಣು ಚೆಲ್ತಾ ಇದೆ ನೋಡು ಕಳ್ಳಿ" ಎಂದು ತೋರಿಸಿದ್ದಳು. ಅವತ್ತು ಆ ಮಾತಿಗೆ ಅಯ್ಯೋ ಪಾಪ ಎಂದುಕೊಂಡು ಬಂದಿದ್ದೆ. ಈಗ ಅದೇ ಮಾತು ಬೇರೆ ಥರ ಕೇಳಿಸಿತು.

ಒಲೆ ಕೀಳುವುದು ಎಂದು ತೀರ್ಮಾನ ಮಾಡಿದೆ. ಆದರೆ ಬೀಜವೂ ಉಳಿಯಬೇಕು. ಬೀಜ ಹೋದರೆ ಹುಟ್ಟುವ ಮಗುವಿಗೆ ಉಣ್ಣಲು ಏನಿದೆ? ನಮ್ಮ ಮನೆಯವರು ಹೇಳಿದ್ದು ಸುಳ್ಳಲ್ಲ.

ಎರಡು ದಿನ ಅಟ್ಟದ ಕೆಳಗೆ ಕೂತು ಮೇಲೆ ನೋಡಿದೆ. ಆಮೇಲೆ ತಿಳಿಯಿತು. ಹೊಗೆ ಬೇಕಾದದ್ದು ಅಟ್ಟಕ್ಕೆ, ಬೇಡವಾದದ್ದು ಅಡುಗೆಮನೆಗೆ. ನಾನು ಹೊಗೆಯನ್ನು ಮನೆಯಿಂದಲೇ ಓಡಿಸಲು ಹೋಗಿದ್ದೆ. ಅಟ್ಟದವರೆಗೆ ಕಳಿಸಿದ್ದರೆ ಸಾಕಿತ್ತು.

ಒಲೆ ಕೀಳುವುದನ್ನು ಮಗನಿಗೆ ಮಾತ್ರ ಹೇಳಿದೆ, ಉಳಿದವರಿಗೆ ಅಟ್ಟ ರಿಪೇರಿ ಎಂದೆ. ಅವನು, "ಅಪ್ಪ ಬಯ್ದ್ರೆ ನನ್ನ ಹೆಸ್ರು ಹೇಳು" ಎಂದ. ಬೀಜದ ಮುಡಿ ಕೆಳಗಿಳಿಸಿದೆವು. ಬಿದಿರಿನ ಸಂದಿಗೆಲ್ಲ ಹುಲ್ಲು ತುರುಕಿ, ಕೆಳಗಿನಿಂದಲೂ ಮೇಲಿನಿಂದಲೂ ಎರಡೆರಡು ಪದರ ಮಣ್ಣು ಬಳಿದೆವು. ಅಟ್ಟಕ್ಕೆ ಏರುವ ಕಿಂಡಿಗೆ ಹಲಗೆ ಬಾಗಿಲು. ಅಟ್ಟದಿಂದ ಮೇಲಿದ್ದ ಮಡಕೆಗಳನ್ನು ಬಿಚ್ಚಿ ತೆಗೆದು, ಕೊಳವೆಯ ಬಾಯಿಯನ್ನು ಅಟ್ಟದೊಳಗೇ ಬಿಟ್ಟೆ. ಕಿಡಿ ಹಾರಬಾರದು ಎಂದು ಬಾಯಿಯ ಸುತ್ತ ಚಪ್ಪಡಿ ಕಲ್ಲು ಹಾಸಿ, ಪಕ್ಕದಲ್ಲಿ ತೂತು ಕೊರೆದ ದೊಡ್ಡ ಮಡಕೆಯನ್ನು ಕವುಚಿ ಹಾಕಿದೆ. ಮುಡಿಗಳು ಅಲ್ಲಿಂದ ಎರಡು ಮಾರು ದೂರ. ಹೊಗೆ ಕೊನೆಗೆ ಹೊರಗೆ ಹೋಗಲು ಮಾಡಿನ ನೆತ್ತಿಯ ನಾಲ್ಕು ಹೆಂಚನ್ನು ಸ್ವಲ್ಪ ಎತ್ತಿ ಕೂರಿಸಿದೆವು.

ಹಸಿ ಸೊಪ್ಪು ಹಾಕಿ ನೋಡಿದರೆ ಏಳು ಕಡೆ ಹೊಗೆ ಕೆಳಗೆ ಇಣುಕಿತು. ಏಳೂ ಮುಚ್ಚಿದೆ. ಮರುದಿನ ಮೂರು ಕಡೆ. ಮೂರನೇ ದಿನ ಅಡುಗೆಮನೆಯಲ್ಲಿ ನಿಂತು ಮೇಲೆ ನೋಡಿದೆ, ಏನೂ ಇಲ್ಲ. ಅಟ್ಟದ ಬಾಗಿಲು ತೆಗೆದು ತಲೆ ಹಾಕಿದರೆ ಒಳಗೆ ಕಣ್ಣು ಬಿಡಲಾಗದಷ್ಟು ಹೊಗೆ.

ಆಮೇಲೆ ಹಾರೆ ತಗೊಂಡೆ. ನಮ್ಮ ಮನೆಯವರು ಗದ್ದೆಗೆ ಹೋಗಿದ್ದರು. ಅತ್ತೆಯ ಒಲೆಯ ಕೆಂಡವನ್ನು ಮೊದಲು ಹೊಸ ಒಲೆಗೆ ಹಾಕಿದೆ. ಕೈ ಮುಗಿದೆ. ಹಾರೆ ಹಾಕಿದರೆ ಒಲೆ ಕದಲಲಿಲ್ಲ, ಅರವತ್ತು ವರ್ಷ ಬೆಂಕಿಯಲ್ಲಿ ಬೆಂದ ಮಣ್ಣು ಇಟ್ಟಿಗೆಯಾಗಿತ್ತು. ಎಂಥ ಕೆಲಸಗಾರ್ತಿ ನನ್ನ ಅತ್ತೆ! ನನಗೆ ಒಲೆ ಹಾಕಲು ಕಲಿಸಿದ್ದೂ ಅವರೇ. ಸೊಸೆ ಬಾಗಿಲಲ್ಲಿ ನಿಂತಿದ್ದಳು, "ನೀನು ಆಚೆ ಹೋಗು" ಎಂದೆ. ಅಕ್ಕ ಓಡಿ ಬಂದು ನೋಡಿ, "ಹೋಯ್ತು, ಮನೆ ಹೋಯ್ತು" ಎಂದು ತಲೆಗೆ ಕೈ ಹೊತ್ತು ಹಿತ್ತಲಿಗೆ ಹೋದರು. ಒಳಗಿನ ಒಂದು ಕಲ್ಲನ್ನು ಹೊಸ ಒಲೆಯ ಬುಡದಲ್ಲಿ ಸೇರಿಸಿದೆ. ಕುಳಿ ಮುಚ್ಚಿ, ಗುದ್ದಿ, ಸಾರಿಸಿದೆ.

ನಮ್ಮ ಮನೆಯವರು ಬಂದರು. ಬಾಗಿಲಲ್ಲಿ ನಿಂತು ನೆಲ ನೋಡಿದರು. ಬಯ್ಯಲಿಲ್ಲ. ಬಯ್ದಿದ್ದರೆ ಮಗನ ಹೆಸರಾದರೂ ಹೇಳಬಹುದಿತ್ತು. ಹೆಗಲ ಟವೆಲ್ಲು ಕೊಡವಿ ಜಗುಲಿಗೆ ಹೋಗಿ ಕೂತರು. ಅವತ್ತಿನಿಂದ ಅವರ ಊಟ ಜಗುಲಿಯಲ್ಲಿ. ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ನನ್ನ ಜೊತೆ ಮಾತೂ ಇಲ್ಲ. ನೀರು ಬೇಕಾದರೆ ಚೊಂಬು ಕುಟ್ಟುವರು.

ಒಂದು ತಿಂಗಳು ಸೊಸೆ ಕೆಮ್ಮದೆ ಇದ್ದಳು. ನಾನು ಗೆದ್ದೆ ಎಂದುಕೊಂಡೆ. ಆಗ, ಎಂಟು ತಿಂಗಳು ತುಂಬುತ್ತಿರುವಾಗ, ಒಂದು ಬೆಳಗ್ಗೆ ಅವಳಿಗೆ ರಕ್ತ ಕಂಡಿತು. ಮಗ ಸೈಕಲ್ಲಿನಲ್ಲಿ ಹೋಗಿ ನರ್ಸಮ್ಮನನ್ನು ಕರೆತಂದ. ಕಾಲು ಎತ್ತರಕ್ಕಿಟ್ಟು ಅಲ್ಲಾಡದೆ ಮಲಗಬೇಕು, ಉಳಿದರೆ ಉಳಿಯಿತು ಎಂದರು. ನೋಡಲು ಬಂದ ನೆರೆಯವರು ಅಂಗಳದಲ್ಲೇ ನಿಂತು ಮಾತಾಡುತ್ತಿದ್ದರು. "ಒಲೆ ಕಿತ್ಲಂತೆ." ಆ ಎರಡು ಮಾತು ಎಷ್ಟು ಸಲ ಕೇಳಿಸಿತೋ. ಅಕ್ಕ ನನ್ನನ್ನು ನೋಡುತ್ತಿರಲಿಲ್ಲ. ನಾನು ಸೊಸೆಯ ಕಾಲಬುಡದಲ್ಲಿ ಕೂತು, ಕಿತ್ತ ಒಲೆಯನ್ನು ಮತ್ತೆ ಹಾಕಿಬಿಡಲೇ ಎಂದು ಯೋಚಿಸಿದ್ದು ನಿಜ. ಮಣ್ಣು ಕಲಸಲು ಹಿತ್ತಲಿಗೆ ಹೋದದ್ದೂ ನಿಜ. ಬುಟ್ಟಿ ತುಂಬಿ ಎತ್ತಿದ ಮೇಲೆ, ಒಳಗೆ ಅವಳು ಆರಾಮವಾಗಿ ಉಸಿರಾಡುತ್ತ ಮಲಗಿರುವುದು ಕೋಣೆಯ ಕಿಟಕಿಯಲ್ಲಿ ಕಂಡಿತು. ಬುಟ್ಟಿ ಇಳಿಸಿದೆ. ಎರಡನೇ ದಿನ ರಕ್ತ ನಿಂತಿತು. ಯಾಕೆ ಬಂತು, ಯಾಕೆ ನಿಂತಿತು, ನನಗೆ ಗೊತ್ತಿಲ್ಲ. ನರ್ಸಮ್ಮನಿಗೂ ಗೊತ್ತಿಲ್ಲ.

ಮುಂಗಾರಿಗೆ ಮೊದಲು ಬೀಜ ಪರೀಕ್ಷೆ. ಒಂದು ಹಿಡಿ ಭತ್ತ ಒದ್ದೆ ಬಟ್ಟೆಯಲ್ಲಿ ಕಟ್ಟಿ, ಹುಲ್ಲಿನಡಿ ಇಟ್ಟು ಮೂರನೇ ದಿನ ಬಿಚ್ಚುವುದು. ನಮ್ಮ ಮನೆಯವರು ಜಗುಲಿಯಲ್ಲಿ ಕೂತು ಬಿಚ್ಚಿದರು. ನಾನು ಬಾಗಿಲ ಹಿಂದೆ. ಅವರು ಒಂದೊಂದೇ ಕಾಳು ಬೆರಳಲ್ಲಿ ಹೊರಳಿಸಿ ನೋಡಿದರು. ಬಿಳಿ ಮೊಳಕೆ, ಅಕ್ಕಿನುಚ್ಚಿನಷ್ಟು. ಎಲ್ಲದರಲ್ಲೂ. ಬಟ್ಟೆ ಮಡಚಿ ಮಗನಿಗೆ, "ನಾಳೆ ಸಸಿಮಡಿಗೆ ಹಾಕಣ" ಎಂದರು. ಅಷ್ಟೇ. ನನ್ನ ಕಡೆ ತಿರುಗಲಿಲ್ಲ. ಆದರೆ ಆ ಸಂಜೆ ನೀರಿಗೆ ಚೊಂಬು ಕುಟ್ಟಲಿಲ್ಲ. "ನೀರು" ಎಂದರು.

ಇವತ್ತು ಬೆಳಗ್ಗೆ ಮಗು ಹುಟ್ಟಿತು. ದೀಪ ಹಚ್ಚುವ ಹೊತ್ತಾಯಿತು. ಇಷ್ಟು ಬರೆದು ಎದ್ದು ಹೋಗಿ ಊಟಕ್ಕೆ ಬಡಿಸಿ ಬಂದು, ಉಳಿದದ್ದನ್ನು ಬರೆಯುತ್ತಿದ್ದೇನೆ.

ಜಗುಲಿಗೆ ತಟ್ಟೆ ಒಯ್ಯಲು ಹೊರಟಿದ್ದೆ. ನಮ್ಮ ಮನೆಯವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದರು. ಒಳಗೆ ಬಂದರು. ಕಿಟಕಿ ನೋಡಿದರು, ಕಟ್ಟೆ ನೋಡಿದರು, ತಲೆ ಎತ್ತಿ ಅಟ್ಟದ ತಳ ನೋಡಿದರು. ಆಮೇಲೆ ನಡುವೆ ಬಂದು, ತಮ್ಮ ಅವ್ವನ ಒಲೆ ಇದ್ದ ಜಾಗದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು.

"ಇಲ್ಲೇ ಅಲ್ವೇನೇ ಇದ್ದಿದ್ದು?"

"ಹೌದು."

ಅಂಗೈಯಿಂದ ನೆಲ ಸವರಿದರು. "ಒಂದು ಕಲ್ಲೂ ಉಳಿಸ್ಲಿಲ್ಲ."

"ಒಂದು ಉಳ್ಸಿದೀನಿ. ಅಗೋ, ಅದ್ರ ಬುಡದಲ್ಲಿ" ಎಂದು ಹೊಸ ಒಲೆ ತೋರಿಸಿದೆ.

ಅತ್ತ ಬಗ್ಗಿ ನೋಡಿದರು. ಮಗ ಬಂದು ಪಕ್ಕದಲ್ಲಿ ಕೂತ. ಅಕ್ಕ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದು, "ಸರ್ಕೊಳ್ರೋ, ನಾನೆಂತ ಅಂಗಳದಲ್ಲಿ ಉಣ್ಲಾ?" ಎಂದು ಗೋಡೆಗೊರಗಿ ಕೂತರು. ಬಾಣಂತಿಗೆ ಮೆಣಸಿನ ಸಾರು, ಬಿಸಿ ಅನ್ನ ಕೋಣೆಗೇ ಕೊಟ್ಟೆ. ಅವಳ ಕೋಣೆಯ ಬಾಗಿಲು ಅಡುಗೆಮನೆಗೇ ತೆರೆಯುವುದು. ಹೊಗೆ ಬಾರದಿರಲಿ ಎಂದು ಎರಡು ವರ್ಷ ಮುಚ್ಚಿಟ್ಟ ಬಾಗಿಲನ್ನು ಇವತ್ತು ಪೂರ್ತಿ ತೆಗೆದೆ. ಅವಳು ಅಲ್ಲಿಂದಲೇ, "ಅತ್ತೆ, ನೀವೂ ಕೂತ್ಕೊಳ್ಳಿ" ಎಂದಳು. ಗಂಡಸರು ಉಂಡೇಳುವ ಮೊದಲು ನಾನು ತಟ್ಟೆ ಹಾಕಿಕೊಂಡದ್ದು ಇದೇ ಮೊದಲು.

ಎರಡು ತುತ್ತು ಆಗಿತ್ತು. ಮಗು ಕಿಟಾರನೆ ಕಿರುಚಿತು. ಎಲ್ಲರ ಕೈಯೂ ನಿಂತಿತು. ನಾನು ಎದ್ದೆ.

"ಕೂತ್ಕೊಳೆ" ಎಂದರು ನಮ್ಮ ಮನೆಯವರು. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು. "ಅಳ್ಲಿ ಬಿಡು. ಉಸ್ರು ಚೆನ್ನಾಗಿದೆ." ಆಮೇಲೆ ತಟ್ಟೆ ಮುಂದಕ್ಕೆ ತಳ್ಳಿ, "ಅನ್ನ ಹಾಕು" ಎಂದರು.